ನಟ್ಟನಡುವೆ ನಿಂತ ಸಾಲು

ಉಪ್ಪಿನಕಾಯಿ ಮಾರುವ ವೆಬ್‌ಸೈಟೊಂದರಲ್ಲಿ ಎರಡು ಬಾಟಲಿಗಳ ಚಿತ್ರವಿತ್ತು. ಮೇಲೆ ಬೆಲ್ಲದ ನಿಂಬೆಕಾಯಿ, ಕೆಳಗೆ ಹಸಿಮೆಣಸಿನಕಾಯಿ. "ಖಾರವಿಲ್ಲ" ಎಂಬ ಸಾಲು ನಿಂಬೆಕಾಯಿಗೆ ಸೇರಿದ್ದು. ಆದರೆ ಆ ಸಾಲಿಗೆ ಯಾರನ್ನೂ ಎದುರು ಹಾಕಿಕೊಳ್ಳುವುದು ಇಷ್ಟವಿಲ್ಲ. ಹಾಗಾಗಿ ಇಬ್ಬರಿಗೂ ಸರಿಸಮ ದೂರದಲ್ಲಿ, ನಟ್ಟನಡುವೆ ನಿಂತಿತ್ತು.

ಒಂದು ದಿನ ಹಾಸನದ ಪುಟ್ಟಗೌರಮ್ಮನವರ ದೂರು ಬಂತು: "ಖಾರವಿಲ್ಲ ಅಂತ ಓದಿ, ಬಜ್ಜಿ ಮೆಣಸಿನಕಾಯಿ ಇರಬೇಕು ಅಂದುಕೊಂಡು ತರಿಸಿದೆ. ಒಂದು ಚೊಂಬು ಮಜ್ಜಿಗೆ ಕುಡಿದರೂ ಬಾಯಿಯ ಉರಿ ಇಳಿದಿಲ್ಲ."

"ನಾನು ಸುಳ್ಳು ಹೇಳಲಿಲ್ಲವಲ್ಲ" ಎಂದಿತು ಸಾಲು.

"ಹೇಳಲಿಲ್ಲ" ಎಂದಿತು ನಿಂಬೆಕಾಯಿ. "ಆದರೆ ಯಾರ ವಿಷಯ ಹೇಳುತ್ತಿದ್ದೀಯೆ ಎಂಬುದು ನೀನು ನಿಂತ ಜಾಗದಿಂದ ತಾನೆ ಓದುವವರಿಗೆ ತಿಳಿಯಬೇಕು?"

ಸಾಲು ಸಂಕೋಚದಿಂದಲೇ ಮೇಲಕ್ಕೆ ಸರಿದು ನಿಂಬೆಕಾಯಿಯ ಬಾಟಲಿಗೆ ಒತ್ತಿ ನಿಂತಿತು. "ತಪ್ಪು ತಿಳಿಯಬೇಡಿ" ಎಂದು ಅಲ್ಲಿಂದಲೇ ಮೆಣಸಿನಕಾಯಿಗೆ ಕೈಮುಗಿಯಿತು.

ಮರುದಿನವೇ ರಾಯಚೂರಿನಿಂದ ಮೆಣಸಿನಕಾಯಿಗೆ ಹತ್ತು ಬಾಟಲಿಯ ಆರ್ಡರ್ ಬಂತು. ಖಾರದ್ದೇ ಬೇಕು ಎಂದು ಬರೆದಿದ್ದರು.

ಮೆಣಸಿನಕಾಯಿ ಹಿಗ್ಗಿ ಹೋಯಿತು. "ಇಷ್ಟು ದಿನ ಹತ್ತಿರ ನಿಂತು ನನ್ನ ಖಾರವನ್ನೇ ಮುಚ್ಚಿಬಿಟ್ಟಿದ್ದೆಯಲ್ಲ, ಮಾರಾಯ" ಎಂದಿತು. "ಇನ್ನು ಅಲ್ಲೇ ಇರು. ನಮ್ಮ ಸ್ನೇಹಕ್ಕೆ ಇಷ್ಟು ದೂರ ಚೆನ್ನಾಗಿದೆ."