ಕುಂಕುಮ ಹಚ್ಚಿದ ರೇಡಿಯೋ ಪೆಟ್ಟಿಗೆ

ಹಳೇ ರೇಡಿಯೋ ಮಾರುವ ವಿರೂಪಣ್ಣ ಸಾಹುಕಾರರು ಪೆಟ್ಟಿಗೆ ಕಟ್ಟುವ ಆಳಿನ ಮೇಲೆ ಗುಡುಗಿದರು: "ಜರ್ಮನಿ ಗಿರಾಕಿಯ ಮಾಲು ಇದು! ಹೋದ ಸಲದ ಹಾಗೆ ಹಮಾಲರು ಲಾರಿಗೆ ಎತ್ತಿ ಒಗೆದರೆ, ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ."

ಆಳು ರೇಡಿಯೋ ಒಳಗಿಟ್ಟು ಪೆಟ್ಟಿಗೆಗೆ ಮೊಳೆ ಹೊಡೆದ. ಮಣಭಾರದ ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಮುಂದೆ ಊದುಬತ್ತಿ ಹಚ್ಚಿಟ್ಟ.

ಲಾರಿ ಬಂತು. ಪೆಟ್ಟಿಗೆ ನೋಡಿದ್ದೇ ತಡ, ಹಮಾಲರು ಚಪ್ಪಲಿ ಕಳಚಿ, ಹಸುಗೂಸನ್ನು ಎತ್ತುವ ಹಾಗೆ ಎತ್ತಿದರು.

"ಯಾವ ದೇವರಣ್ಣಾ?" ಒಬ್ಬ ಪಿಸುಗುಟ್ಟಿದ.

"ಕಿವಿ ಹಿಂಡಿದರೆ ಹಾಡೋ ದೇವರು," ಅಂದ ಆಳು.

ಸಾಹುಕಾರರು ಕೂಗಾಡುತ್ತ ಹೊರಬಂದರು: "ಏನೋ ಇದು ವೇಷ? ಒರೆಸೋ!"

ಹಮಾಲರೆಲ್ಲ ಒಟ್ಟಿಗೇ ತಿರುಗಿ, "ಮೊದಲು ಬೂಟು ಬಿಚ್ರಿ, ಸಾವ್ಕಾರ್ರೇ!" ಎಂದು ಗದರಿದರು.

ಸಾಹುಕಾರರು ಪೆಟ್ಟಿಗೆ ನೋಡಿದರು. ಹಮಾಲರ ಮುಖ ನೋಡಿದರು. ಮೆಲ್ಲಗೆ ಬೂಟು ಬಿಚ್ಚಿ, ತಾವು ಮಾರಿದ ರೇಡಿಯೋಗೆ ತಾವೇ ಕೈಮುಗಿದು ನಿಂತರು.