ಮೂರು ಕೂಗು

ಗುಡ್ಡಪ್ಪನವರು ಮೂವತ್ತು ವರ್ಷ ಕೋರ್ಟಿನ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗಿ ನಿವೃತ್ತರಾದ ದಫೇದಾರರು. ಚುನಾವಣೆ ಹತ್ತಿರವಾದಾಗ ಪುರಸಭೆ ಸದಸ್ಯ ಶಂಕ್ರಗೌಡ ಗುಡ್ಡಪ್ಪನವರ ಮನೆಗೆ ಬಂದ.

"ದಫೇದಾರ್ರೇ, ನಾಳೆ ನನ್ನ ಸಭೆಯಲ್ಲಿ ನೀವೇ ನನ್ನ ಹೆಸರು ಕೂಗಬೇಕು. ಇಲ್ಲಾಂದ್ರೆ ನಿಮ್ಮ ಓಣಿಗೆ ನಲ್ಲಿ ಬರೋದಿಲ್ಲ."

"ಐದು ವರ್ಷದಿಂದಲೂ ಬಂದಿಲ್ಲವಲ್ಲ. ಆಗಲಿ, ಕೂಗ್ತೀನಿ. ನನಗೆ ಬರೋದು ಒಂದೇ ರೀತಿ."

ಮರುದಿನ ಓಣಿಯವರೆಲ್ಲ ಸೇರಿದರು. ಗುಡ್ಡಪ್ಪ ವೇದಿಕೆಗೆ ಬೆನ್ನು ಹಾಕಿ, ಬೀದಿಯ ಕಡೆ ತಿರುಗಿ ಕೂಗಿದರು.

"ಶಂಕ್ರಗೌಡ! ಶಂಕ್ರಗೌಡ! ಶಂಕ್ರಗೌಡ! ಹಾಜರಿದ್ದಾರೆಯೇ?"

ಕೋರ್ಟಿಗೆ ಅಲೆದು ಪಳಗಿದ ಜನ, "ಇಲ್ಲ ಸ್ವಾಮಿ, ಐದು ವರ್ಷದಿಂದ ಗೈರುಹಾಜರು!" ಎಂದರು.

ಶಂಕ್ರಗೌಡ ಹಾರದ ಸಮೇತ ಎದ್ದು, "ಇಲ್ಲೇ ಇದ್ದೀನಲ್ರೀ!" ಎಂದು ಅರಚಿದ.

"ಹಾಗಾದರೆ ಹೇಳಿಕೆ ಕೊಡಿ. ನಲ್ಲಿ ಯಾವತ್ತು?" ಎಂದರು ಗುಡ್ಡಪ್ಪ.

"ಸೋ... ಸೋಮವಾರ."

"ಇದು ವಾಯಿದೆಯೋ, ತೀರ್ಪೋ?"

ಜನ ನಕ್ಕರು. ಶಂಕ್ರಗೌಡ ಬೆವರೊರೆಸಿಕೊಂಡು, "ತೀರ್ಪು, ತೀರ್ಪು," ಎಂದ.

ಸೋಮವಾರ ನೀರು ಬಂತು. ಓಣಿಯವರು ಹೊಗಳಲು ಹೋದರೆ ಗುಡ್ಡಪ್ಪ ನಗಲಿಲ್ಲ.

"ಇಷ್ಟು ವರ್ಷ ನನ್ನ ಮೊದಲ ಕೂಗಿಗೇ ಓಡಿ ಬಂದವರೆಲ್ಲ ಬಡವರು," ಎಂದರು. "ದೊಡ್ಡವರೊಬ್ಬರು ಓಗೊಡುವ ಹೊತ್ತಿಗೆ ನನ್ನ ಗಂಟಲೇ ಸೋತಿತ್ತು."