ಜುಟ್ಟೂ ಕಾಲೂ ಇಲ್ಲದ ಕ್ರಿಮಿ

ಕೃಷ್ಣಾ ತೀರದ ಒಂದು ಊರಿನ ಗರಡಿಮನೆಯಲ್ಲಿ ರಾಯಗೊಂಡ ಎಂಬ ಪೈಲ್ವಾನನಿದ್ದ. ಅವನಿಗೆ ಕುಸ್ತಿ ಕಲಿಸಿದವರು ವಸ್ತಾದ ಹುಸೇನಸಾಬರು. ವಸ್ತಾದ ಅಂದರೆ ಗರಡಿಯ ಗುರು. ಹೆತ್ತವರಿಲ್ಲದ ರಾಯಗೊಂಡನಿಗೆ ಅವರೇ ಅನ್ನ ಹಾಕಿ, ಹಾಲು ತುಪ್ಪ ತಿನ್ನಿಸಿ, ಗುಡ್ಡದಂಥ ಆಳು ಮಾಡಿದ್ದರು. ಅಂಥವನಿಗೆ ಕೆಮ್ಮು ಹಿಡಿಯಿತು. ಆಸ್ಪತ್ರೆಯವರು ಕಫ ನೋಡಿ ಕ್ಷಯ ಎಂದರು.

ಹೆದರಬೇಡಿ ಮಕ್ಕಳೇ, ಕ್ಷಯಕ್ಕೆ ಮದ್ದಿದೆ. ಆಗೆಲ್ಲ ಮಾತ್ರೆಗಳು ಬೇರೆಬೇರೆಯಾಗಿ ಬರುತ್ತಿದ್ದವು. ನಮ್ಮ ಕಥೆಗೆ ಎರಡು ಸಾಕು, ಒಂದು ಕೆಂಪು, ಒಂದು ಬಿಳಿ.

"ಎಲ್ಲಾ ಕೂಡೇ ನುಂಗಬೇಕು, ಒಂದೂ ಬಿಡಬಾರ್ದು. ಮೂತ್ರ ಕೆಂಪಾಗತೈತಿ, ಅದು ಗುಳಗಿ ಬಣ್ಣ, ಅಂಜಬ್ಯಾಡ" ಎಂದಳು ನರ್ಸ್ ಶಕುಂತಲಾ. ರಾಯಗೊಂಡ ಹೂಂಗುಟ್ಟಿದ. ಅವನ ಮನಸ್ಸೆಲ್ಲ ಮುಂದಿನ ಕುಸ್ತಿಯ ಮೇಲಿತ್ತು.

ಈಗ ಅವನ ಎದೆಯೊಳಗೆ ಇಣುಕೋಣ ಬನ್ನಿ. ಅಬ್ಬಬ್ಬಾ, ಏನು ಗದ್ದಲ ಅಲ್ಲಿ! ಕೋಟಿಗಟ್ಟಲೆ ಕ್ರಿಮಿಗಳು. ಒಂದು ಇದ್ದದ್ದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಹಾಗೆ ಒಡೆಯುವ ಮೊದಲು ಪ್ರತಿ ಕ್ರಿಮಿಯೂ ತನ್ನೊಳಗಿನ ಡಿಎನ್‌ಎ ಎಂಬ ಬರಹವನ್ನು ನಕಲು ಮಾಡಬೇಕು. ಕೋಟಿ ಸಲ ನಕಲು ಮಾಡಿದರೆ ನೀವಾದರೂ ಒಂದಕ್ಷರ ತಪ್ಪುವುದಿಲ್ಲವೇ? ಕ್ರಿಮಿಯೂ ತಪ್ಪುತ್ತದೆ. ಬೇಕಂತ ಅಲ್ಲ, ಅದಕ್ಕೆ ಅಷ್ಟು ಬುದ್ಧಿಯಿಲ್ಲ. ಆದರೆ ಒಂದೊಂದು ತಪ್ಪು ಅದರ ಜೀವ ಉಳಿಸಿಬಿಡುತ್ತದೆ. ಹೇಗೆ ಕೇಳಿ.

ಕೆಂಪು ಮಾತ್ರೆ ಕ್ರಿಮಿಯ ಜುಟ್ಟು ಹಿಡಿದು ಕೊಲ್ಲುತ್ತದೆ, ಬಿಳಿ ಮಾತ್ರೆ ಕಾಲು ಹಿಡಿದು ಕೊಲ್ಲುತ್ತದೆ ಅಂತ ಇಟ್ಟುಕೊಳ್ಳಿ. ನಕಲಿನಲ್ಲಿ ಏನೋ ತಪ್ಪಿ ಒಂದು ಕ್ರಿಮಿ ಕಾಲಿಲ್ಲದೆ ಹುಟ್ಟಿತು. ಬಿಳಿ ಮಾತ್ರೆ ತಡಕಾಡಿತು, ಹಿಡಿಯಲು ಏನೂ ಸಿಗಲಿಲ್ಲ. ಕ್ರಿಮಿ ಕಿಸಕ್ಕನೆ ನಕ್ಕಿತು. ಅಷ್ಟರಲ್ಲಿ ಹಿಂದಿನಿಂದ ಕೆಂಪು ಮಾತ್ರೆ ಬಂದು ಜುಟ್ಟಿಗೆ ಕೈ ಹಾಕಿತು. ನಗು ಅಲ್ಲಿಗೇ ನಿಂತಿತು. ಜುಟ್ಟೂ ಕಾಲೂ ಎರಡೂ ಇಲ್ಲದ ಕ್ರಿಮಿ ಒಂದೇ ಸಲಕ್ಕೆ ಹುಟ್ಟುವುದು ಇಲ್ಲವೆನ್ನುವಷ್ಟು ಅಪರೂಪ. ಮಾತ್ರೆಗಳನ್ನು ಒಟ್ಟಿಗೆ ಕೊಡುವುದು ಅದಕ್ಕೇ. ಎಂಥ ಸೊಗಸಾದ ಉಪಾಯ ನೋಡಿ, ಹೇಳುವಾಗಲೇ ನನಗೆ ಮೈ ಜುಮ್ಮೆನ್ನುತ್ತದೆ.

ರಾಯಗೊಂಡನ ಕೆಮ್ಮು ಇಳಿಯಿತು. ಆಗಲೇ ಗೆದ್ದವನಿಗೆ ಬೆಳ್ಳಿಗದೆ ಕೊಡುವ ಕುಸ್ತಿ ಪಂದ್ಯ ನಿಗದಿಯಾಯಿತು. ಅಲ್ಲಿಯವರೆಗೆ ಅವನು ಲಕ್ಷ್ಯ ಕೊಡದಿದ್ದ ಕೆಂಪು ಮೂತ್ರ, ಪಂದ್ಯದ ಚಿಂತೆಯಲ್ಲಿ ಒಂದು ಬೆಳಿಗ್ಗೆ ರಕ್ತದಂತೆ ಕಂಡಿತು; ನರ್ಸ್ ಹೇಳಿದ್ದು ಅವನ ತಲೆಗೇ ಹೋಗಿರಲಿಲ್ಲ. ಪೈಲ್ವಾನರು ಗೊತ್ತಲ್ಲ, ಒಂದು ಹನಿ ಬೆವರು ಸುಮ್ಮನೆ ಹೋದರೂ ಕಸುವು ಹೋಯಿತೆಂದು ಮರುಗುವ ಜನ.

"ಉಂಡ ತುಪ್ಪೆಲ್ಲಾ ರಕ್ತ ಆಗಿ ಹರದ ಹೊಂಟೈತಿ" ಎಂದುಕೊಂಡ. ಯಾರನ್ನೂ ಕೇಳಲಿಲ್ಲ. ಕೆಂಪು ಮಾತ್ರೆಗಳನ್ನು ಡಬ್ಬಿಯಲ್ಲಿ ಬಚ್ಚಿಟ್ಟ. ಬಿಳಿಯದನ್ನು ಮಾತ್ರ ನುಂಗಿದ, ಅದೂ ಬಹಳ ನಿಷ್ಠೆಯಿಂದ. ಭಲೇ ಜಾಣ!

ಒಳಗೆ ಮತ್ತೊಂದು ಕಾಲಿಲ್ಲದ ಕ್ರಿಮಿ ಹುಟ್ಟಿತ್ತು. ಈ ಸಲ ಜುಟ್ಟು ಹಿಡಿಯುವವರು ಯಾರೂ ಬರಲಿಲ್ಲ. ಕಾಲಿದ್ದವೆಲ್ಲ ಸತ್ತು ಜಾಗ ಖಾಲಿಯಾಯಿತು. ಅದಕ್ಕೆ ಹಬ್ಬವೋ ಹಬ್ಬ. ಅದರ ಮಕ್ಕಳಿಗೆ ಕಾಲಿಲ್ಲ, ಮೊಮ್ಮಕ್ಕಳಿಗೂ ಇಲ್ಲ.

ಇತ್ತ ರಾಯಗೊಂಡ ಎದುರಾಳಿಯನ್ನು ಎತ್ತಿ ಒಗೆದು ಗದೆ ಗೆದ್ದ. ಊರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿಯಿತು. ಆಮೇಲೆ ಕೆಮ್ಮು ಮರಳಿ ಬಂತು.

ಆಗಲಾದರೂ ಆಸ್ಪತ್ರೆಗೆ ಓಡಬೇಕಿತ್ತು. ಬೈಸಿಕೊಳ್ಳುವ ಭಯ. ಬಿಳಿಯದು ಕೆಲಸಕ್ಕೆ ಬರಲಿಲ್ಲ, ಗದೆಯಂತೂ ಬಂದಾಯಿತು, ಇನ್ನು ಮೂತ್ರ ಕೆಂಪಾದರೆ ಆಗಲಿ ಎಂದು ಬಿಳಿಯದನ್ನು ಎಸೆದು, ಡಬ್ಬಿಯ ಕೆಂಪು ಮಾತ್ರೆ ಒಂದನ್ನೇ ಶುರುಮಾಡಿದ. ಆ ಕಾಲಿಲ್ಲದ ಸಂತಾನದಲ್ಲಿ ಇನ್ನೊಂದು ನಕಲು ತಪ್ಪಿತು. ಈಗ ಹುಟ್ಟಿದ್ದಕ್ಕೆ ಜುಟ್ಟೂ ಇಲ್ಲ. ಒಮ್ಮೆಗೇ ಹುಟ್ಟಲಾರದ್ದನ್ನು ನಮ್ಮ ಪೈಲ್ವಾನ ಎರಡು ಕಂತಿನಲ್ಲಿ ಸಾಕಿ ಬೆಳೆಸಿದ್ದ.

ಗರಡಿಮನೆಗೆ ತಗ್ಗು ಬಾಗಿಲು, ಒಂದೇ ಕಿಟಕಿ. ಒಳಗೆ ದಿನವೂ ಗುರು ಶಿಷ್ಯರ ಪಟ್ಟು. ಒಂದು ದಿನ ಹುಸೇನಸಾಬರೂ ಕೆಮ್ಮತೊಡಗಿದರು.

ಅವರು ಆಸ್ಪತ್ರೆಗೆ ಹೋದರು, ಕೊಟ್ಟ ಮಾತ್ರೆಯನ್ನೆಲ್ಲ ಒಂದೂ ಬಿಡದೆ ನುಂಗಿದರು. ಆದರೂ ಮೈ ಸೊರಗುತ್ತಲೇ ಹೋಯಿತು. ಕೊನೆಗೆ ಇಬ್ಬರ ಕಫವನ್ನೂ ದೊಡ್ಡ ಲ್ಯಾಬಿಗೆ ಕಳಿಸಿ ನೋಡಿದರು. ಎರಡರಲ್ಲೂ ಒಂದೇ ಕ್ರಿಮಿ, ಕೆಂಪಿಗೂ ಬಿಳಿಗೂ ಸಾಯದ್ದು. ಶಕುಂತಲಾ ರಾಯಗೊಂಡನನ್ನು ಹೊರಗೆ ಕರೆದಳು. ಅವನು ಎಲ್ಲವನ್ನೂ ಒಪ್ಪಿಕೊಂಡ.

"ಗುಳಗಿ ಬಿಟ್ಟಾಂವ ನಾನು, ಸಿಸ್ಟರ್. ಅವರು ಒಂದೂ ಬಿಟ್ಟಿಲ್ಲ. ಅವರಿಗ್ಯಾಕ ನಾಟವಲ್ದು?"

"ನಿನ್ನ ಎದಿಯಾಗ ಗುಳಗಿ ನಾಟಲಾರದಂಗ ಆದ ಕ್ರಿಮಿನೇ ಅವರ ಎದಿ ಹೊಕ್ಕೈತಿ. ಅವರೇನ ಮಾಡ್ಯಾರು?"

ಆ ಗುಡ್ಡದಂಥ ಆಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತ.

ಬೇರೆ ಮದ್ದು ಇತ್ತು, ಪುಣ್ಯ. ಆದರೆ ಭಾರಿ ಕಷ್ಟದ್ದು. ವಾಂತಿ, ಸುಸ್ತು, ದಿನಾ ಸೂಜಿ, ಮುಗಿಯದಷ್ಟು ತಿಂಗಳು. ಇಬ್ಬರೂ ಹಲ್ಲು ಕಚ್ಚಿ ಪೂರ್ತಿ ಮಾಡಿದರು, ಇಬ್ಬರೂ ಬದುಕಿದರು. ಆದರೆ ಅಂದಿನ ಆ ಸೂಜಿಮದ್ದು ಕೆಲವರ ಕಿವಿ ತೆಗೆಯುತ್ತಿತ್ತು. ಹುಸೇನಸಾಬರ ಎರಡೂ ಕಿವಿ ಹೋದವು.

ಗುಣವಾಗಿ ಗರಡಿಗೆ ಬಂದ ದಿನ ರಾಯಗೊಂಡ ಅವರ ಕಾಲು ಹಿಡಿದ. "ತಪ್ಪಾತ್ರಿ ವಸ್ತಾದರ. ನನ್ನಿಂದನ ಆತು."

"ಏನಂದ್ಯೋ? ಜೋರ್ ಹೇಳು."

ಅವನು ಕೂಗಿ ಹೇಳಿದ. ಇನ್ನೂ ಜೋರಾಗಿ ಕೂಗಿದ. ಓಣಿಯ ಜನವೆಲ್ಲ ಕೇಳಿಸಿಕೊಂಡು ಬಾಗಿಲಿಗೆ ಬಂದರು. ಹುಸೇನಸಾಬರು ಮಾತ್ರ ಅವನ ತುಟಿಯನ್ನೇ ನೋಡುತ್ತ, "ಉಂಡಿ ಇಲ್ಲೋ?" ಎಂದು ಕೇಳಿದರು.

ನೀತಿ: ಕೊಟ್ಟ ಮಾತ್ರೆಗಳಲ್ಲಿ ಇದು ಬೇಕು, ಅದು ಬೇಡ ಎಂದು ಆರಿಸಬಾರದು. ಎಲ್ಲವನ್ನೂ, ಹೇಳಿದಷ್ಟು ಕಾಲ, ಒಟ್ಟಿಗೇ ನುಂಗಬೇಕು. ಅನುಮಾನ ಬಂದರೆ ನಾಚದೆ ಕೇಳಬೇಕು. ನಾವು ಬಿಟ್ಟ ಮಾತ್ರೆಯ ಕಷ್ಟ ನಮಗಷ್ಟೇ ಅಲ್ಲ, ನಮ್ಮ ಪಕ್ಕದಲ್ಲಿ ಉಸಿರಾಡುವವರಿಗೂ ತಟ್ಟುತ್ತದೆ.